ಎರಡೂ ಪಿನ್ ಗ್ರೌಂಡಿಗೆ ಕೊಟ್ಟರೆ ಆಫ್‌ಸೆಟ್ ಕಾಣುವುದಿಲ್ಲ

ಪ್ರಶ್ನೆ: ಸರ್, ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಪ್ಲೇಟಿಂಗ್‌ಗೆ (ಲೋಹದ ಲೇಪಕ್ಕೆ) ಡಿಸಿ ಕೊಡುವ ರೆಕ್ಟಿಫೈಯರ್‌ಗಳಿಗೆ ಓವರ್‌ಕರೆಂಟ್ ಟ್ರಿಪ್ ಬೋರ್ಡ್, ಅಂದರೆ ಕರೆಂಟ್ ಮಿತಿ ಮೀರಿದರೆ ಕಡಿದುಹಾಕುವ ಬೋರ್ಡ್, ಮಾಡಿ ಕೊಡುತ್ತೇವೆ. ಕರೆಂಟ್ ಅಳೆಯುವ ಶಂಟ್ (ಅತಿ ಸಣ್ಣ ಓಮ್‌ನ ರೆಸಿಸ್ಟರ್) 100 ಆಂಪಿಯರ್‌ಗೆ 75 ಮಿಲಿವೋಲ್ಟ್ ಕೊಡುವಂಥದು. ಅಲ್ಲಿಂದ 10ಕೆ (10 ಕಿಲೋಓಮ್) ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ದಾಟಿ ಎಲ್‌ಎಂ393 ಕಾಂಪರೇಟರ್‌ನ (ಎರಡು ವೋಲ್ಟೇಜ್ ಹೋಲಿಸುವ ಐಸಿ) ಪ್ಲಸ್ ಪಿನ್‌ಗೆ ಹೋಗುತ್ತದೆ. ಮೈನಸ್ ಪಿನ್‌ಗೆ 5 ವೋಲ್ಟಿನಿಂದ ಡಿವೈಡರ್ ಹಾಕಿ 30 ಮಿಲಿವೋಲ್ಟ್ ಕೊಟ್ಟಿದ್ದೇವೆ. 40 ಆಂಪಿಯರ್‌ಗೆ ಟ್ರಿಪ್ ಆಗಬೇಕು. 12 ಬೋರ್ಡ್ ಮಾಡಿದೆವು. ಒಂದು 37ಕ್ಕೇ ಬೀಳುತ್ತದೆ, ಇನ್ನೊಂದು 44 ಮುಟ್ಟುವವರೆಗೂ ಸುಮ್ಮನಿರುತ್ತದೆ, ಉಳಿದವು ನಡುವೆ ಎಲ್ಲೋ ಇವೆ. ಅಂಗಡಿಯವನು ಡೂಪ್ಲಿಕೇಟ್ ಐಸಿ ಕೊಟ್ಟಿದ್ದಾನೆ ಎಂದು ನಮ್ಮ ಪಾರ್ಟ್‌ನರ್ ಹೇಳುತ್ತಾರೆ. ಐಸಿಯ ಆಫ್‌ಸೆಟ್, ಅಂದರೆ ಎರಡು ಇನ್‌ಪುಟ್ ಹೋಲಿಸುವಾಗ ಅದು ಮಾಡುವ ಮಿಲಿವೋಲ್ಟ್ ತಪ್ಪು, ಎಷ್ಟಿದೆ ನೋಡೋಣ ಎಂದು ಎರಡೂ ಇನ್‌ಪುಟ್ ಗ್ರೌಂಡಿಗೆ ಕೊಟ್ಟು ಔಟ್‌ಪುಟ್ ಅಳೆದೆ. ಕೆಲವದರಲ್ಲಿ 0.1 ವೋಲ್ಟ್, ಕೆಲವದರಲ್ಲಿ ಪೂರ್ತಿ 5 ವೋಲ್ಟ್ ಬಂತು. ಆಫ್‌ಸೆಟ್ 5 ವೋಲ್ಟ್ ಇರಲು ಸಾಧ್ಯವೇ? ಸಿಮ್ಯುಲೇಟರ್‌ನಲ್ಲಿ ಮಾತ್ರ ಸರಿಯಾಗಿ 40ಕ್ಕೇ ಬೀಳುತ್ತದೆ. ಮೂರು ಬೋರ್ಡ್ ಆಗಲೇ ಗಿರಾಕಿಗಳ ಕೈಗೆ ಹೋಗಿವೆ, ಒಂದು ವಿಜಯಪುರದಲ್ಲಿದೆ. ಏನು ಮಾಡಲಿ?

ಉತ್ತರ: ಮೊದಲು ಅಂಗಡಿಯವನನ್ನು ಬಿಟ್ಟುಬಿಡಿ. ನಿಮ್ಮ ಲೆಕ್ಕವೇ ಅವನ ಪರ ನಿಂತಿದೆ. ಆ ಶಂಟ್ ಆಂಪಿಯರ್‌ಗೆ 0.75 ಮಿಲಿವೋಲ್ಟ್ ಕೊಡುತ್ತದೆ. 37 ಆಂಪಿಯರ್ ಅಂದರೆ 27.75 ಮಿಲಿವೋಲ್ಟ್, 44 ಅಂದರೆ 33. ನೀವು ಇಟ್ಟ 30ಕ್ಕೆ ಹೋಲಿಸಿದರೆ ಒಂದು ಬೋರ್ಡ್ 2.25 ಕೆಳಗೆ ಬಿದ್ದಿದೆ, ಇನ್ನೊಂದು 3 ಮೇಲೆ. ಎಲ್‌ಎಂ393ರ ಡೇಟಾಶೀಟ್ ತೆಗೆದು ನೋಡಿ: 25 ಡಿಗ್ರಿಯಲ್ಲಿ ಇನ್‌ಪುಟ್ ಆಫ್‌ಸೆಟ್ ಗರಿಷ್ಠ 5 ಮಿಲಿವೋಲ್ಟ್ ಎಂದು ಕಂಪನಿಯವರೇ ಬರೆದಿದ್ದಾರೆ. 0ಯಿಂದ 70 ಡಿಗ್ರಿವರೆಗಿನ ಪೂರ್ತಿ ವ್ಯಾಪ್ತಿಗೆ 9. ಅಂದರೆ ಅಸಲಿ ಐಸಿ ಹಾಕಿದರೂ ನಿಮ್ಮ ಟ್ರಿಪ್ 33ರಿಂದ 47 ಆಂಪಿಯರ್ ನಡುವೆ ಎಲ್ಲಿ ಬಿದ್ದರೂ ಐಸಿ ಮಾಡಿದವರು ಮಾತು ತಪ್ಪಿದಂತಲ್ಲ. ನಕಲಿ ಐಸಿ ಮಾರುಕಟ್ಟೆಯಲ್ಲಿ ಇಲ್ಲ ಎನ್ನುತ್ತಿಲ್ಲ. ಆದರೆ ನೀವು ಕೊಟ್ಟ ಅಂಕಿಗಳಲ್ಲಿ ಅದಕ್ಕೆ ಸಾಕ್ಷಿ ಇಲ್ಲ.

ಇನ್ನು ಆ 5 ವೋಲ್ಟ್. ಅದು ಆಫ್‌ಸೆಟ್ ಅಲ್ಲ, ಆಫ್‌ಸೆಟ್‌ನ ಚಿಹ್ನೆ ಮಾತ್ರ. ಈ ಐಸಿಯ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) ಸುಮಾರು 2 ಲಕ್ಷ. ಔಟ್‌ಪುಟ್ ಸೊನ್ನೆಯಿಂದ 5 ವೋಲ್ಟಿಗೆ ಹೋಗಲು ಎರಡು ಇನ್‌ಪುಟ್ ನಡುವೆ 25 ಮೈಕ್ರೋವೋಲ್ಟ್ ಸಾಕು. ಒಳಗಿನ ಆಫ್‌ಸೆಟ್ ಅರ್ಧ ಮಿಲಿವೋಲ್ಟ್ ಇದ್ದರೂ, 4 ಮಿಲಿವೋಲ್ಟ್ ಇದ್ದರೂ ಔಟ್‌ಪುಟ್ ಒಂದು ಗೋಡೆಗೆ ಹೋಗಿ ಒರಗುತ್ತದೆ. ಖಾಲಿ ತಕ್ಕಡಿ ಎತ್ತಿದಾಗ ಒಂದು ತಟ್ಟೆ ಪೂರ್ತಿ ಕೆಳಗೆ ಕೂತರೆ ಯಾವ ಕಡೆ ಭಾರ ಎಂದು ಗೊತ್ತಾಗುತ್ತದೆ, ಎಷ್ಟು ಭಾರ ಎಂದು ಗೊತ್ತಾಗುವುದಿಲ್ಲ. ಹಗುರ ತಟ್ಟೆಗೆ ಗುಂಜಿ ಗುಂಜಿಯಾಗಿ ಹಾಕುತ್ತ ಹೋಗಿ, ಮುಳ್ಳು ನಡುವೆ ಬಂದಾಗ ಹಾಕಿದ್ದನ್ನು ಎಣಿಸಬೇಕು. ಇಲ್ಲಿಯೂ ಅಷ್ಟೇ. ಇನ್‌ಪುಟ್‌ಗೆ ಮಿಲಿವೋಲ್ಟ್ ಕೊಡುತ್ತ ಹೋಗಿ, ಔಟ್‌ಪುಟ್ ಯಾವಾಗ ಮಗುಚುತ್ತದೋ ಆಗ ಕೊಟ್ಟಿದ್ದೆಷ್ಟು ಎಂದು ನೋಡಬೇಕು. ಡೇಟಾಶೀಟ್‌ನಲ್ಲೂ ಆಫ್‌ಸೆಟ್ ಸಾಲಿನ ಅಡಿಟಿಪ್ಪಣಿ ಓದಿ. ಔಟ್‌ಪುಟ್ ಮಗುಚುವ ಬಿಂದುವಿನಲ್ಲಿ, ಅಂದರೆ ಸುಮಾರು 1.4 ವೋಲ್ಟ್ ಇರುವಾಗ, ಎಂಬ ಷರತ್ತು ಅಲ್ಲಿದೆ.

ಸಿಮ್ಯುಲೇಟರ್ ಸುಳ್ಳು ಹೇಳಿಲ್ಲ, ನೀವು ಕೇಳದ್ದನ್ನು ಹೇಳಿಲ್ಲ ಅಷ್ಟೇ. ಆಫ್‌ಸೆಟ್ ಹುಟ್ಟುವುದು ಇನ್‌ಪುಟ್‌ನಲ್ಲಿರುವ ಜೋಡಿ ಟ್ರಾನ್ಸಿಸ್ಟರ್‌ಗಳು ಒಂದರಂತೆ ಒಂದು ಇಲ್ಲದಿರುವುದರಿಂದ. ಬೈಪೋಲಾರ್ ಜೋಡಿಯಲ್ಲಿ ಕೋಣೆಯ ಉಷ್ಣತೆಗೆ ಸುಮಾರು 26 ಮಿಲಿವೋಲ್ಟ್ ಎಂಬ ಒಂದು ಮೂಲಸಂಖ್ಯೆ ಇದೆ. ಜೋಡಿಯ ಅಳತೆಯಲ್ಲಿ ಶೇಕಡಾ 1 ಹೆಚ್ಚುಕಮ್ಮಿ ಆದರೆ ಆಫ್‌ಸೆಟ್ ಕಾಲು ಮಿಲಿವೋಲ್ಟ್, ಶೇಕಡಾ 10 ಆದರೆ ಎರಡೂವರೆ ಮಿಲಿವೋಲ್ಟಿನ ಹತ್ತಿರ. ಸಿಮ್ಯುಲೇಟರ್‌ನ ಮಾಡೆಲ್‌ನಲ್ಲಿ ಎರಡೂ ಟ್ರಾನ್ಸಿಸ್ಟರ್ ಒಂದೇ ಅಚ್ಚಿನವು, ಹಾಗಾಗಿ ಈ ವ್ಯತ್ಯಾಸ ಅದಕ್ಕೆ ಗೊತ್ತೇ ಇಲ್ಲ. ಚಿಪ್ ವಿನ್ಯಾಸ ಮಾಡುವವರು ಇದಕ್ಕೆಂದೇ ಮಾಂಟೆ ಕಾರ್ಲೋ ಓಡಿಸುತ್ತಾರೆ, ಅಂದರೆ ಅಳತೆಗಳನ್ನು ಮನಬಂದಂತೆ ಹೆಚ್ಚುಕಮ್ಮಿ ಮಾಡುತ್ತ ಸಿಮ್ಯುಲೇಶನ್ ಹಲವು ಸಲ ಓಡಿಸುತ್ತಾರೆ. ಮಾಸ್ (MOS) ಎಂಬ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್‌ಗಳಲ್ಲಿ ಈ ವ್ಯತ್ಯಾಸ ವಿಸ್ತೀರ್ಣದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ ಎಂಬ ಪೆಲ್‌ಗ್ರಾಮ್ ಅವರ 1989ರ ಸೂತ್ರ ಇವತ್ತಿಗೂ ಅವರ ಕೈಪಿಡಿ. ಆಫ್‌ಸೆಟ್ ಅರ್ಧ ಆಗಬೇಕಾದರೆ ಟ್ರಾನ್ಸಿಸ್ಟರ್ ನಾಲ್ಕು ಪಟ್ಟು ದೊಡ್ಡದಾಗಬೇಕು. ನಿಮಗೆ ಅಷ್ಟೆಲ್ಲ ಬೇಡ. ಪ್ಲಸ್ ಪಿನ್‌ಗೆ ಸೀರೀಸ್‌ನಲ್ಲಿ ಒಂದು ಡಿಸಿ ಸೋರ್ಸ್ ಇಡಿ, ಅದನ್ನು ಮೈನಸ್ 5, ಸೊನ್ನೆ, ಪ್ಲಸ್ 5 ಮಿಲಿವೋಲ್ಟ್ ಮಾಡಿ ಮೂರು ಸಲ ಓಡಿಸಿ. ನಿಮ್ಮ 12 ಬೋರ್ಡ್‌ಗಳ ಕಥೆ ಪರದೆಯ ಮೇಲೆ ಬರುತ್ತದೆ.

ಈಗ ಅಳೆಯುವ ಮಾತಿಗೆ ಬರೋಣ. ಉದ್ಯಮಬಾಗದ ಯಾವ ವರ್ಕ್‌ಶಾಪಿನಲ್ಲೂ ಸಿಗುವ ಸಾಮಾನಿನಲ್ಲೇ ಇದನ್ನು ಮಾಡಬಹುದು. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಜೋಡಿಸಿ. ಎರಡು ತುದಿಗಳ ನಡುವೆ 10ಕೆ ಹತ್ತು ಸುತ್ತಿನ ಪಾಟ್ (ತಿರುಗಿಸಿ ಬದಲಿಸುವ ಮೂರು ಕಾಲಿನ ರೆಸಿಸ್ಟರ್) ಹಾಕಿ. ಬ್ಯಾಟರಿಗಳ ನಡುಬಿಂದುವೇ ನಿಮ್ಮ ಸೊನ್ನೆ. ಪಾಟ್‌ನ ನಡುವಿನ ಕಾಲು ಆ ಸೊನ್ನೆಗೆ ಹೋಲಿಸಿದರೆ ಮೈನಸ್ 9ರಿಂದ ಪ್ಲಸ್ 9 ವೋಲ್ಟ್ ತನಕ ಓಡಾಡುತ್ತದೆ. ಅಲ್ಲಿಂದ 100ಕೆ, ಆಮೇಲೆ 100 ಓಮ್, 100 ಓಮ್‌ನ ಇನ್ನೊಂದು ತುದಿ ನಡುಬಿಂದುವಿಗೆ. 100ಕೆ ಮತ್ತು 100 ಓಮ್ ಕೂಡುವಲ್ಲಿ ಕಾಂಪರೇಟರ್‌ನ ಪ್ಲಸ್ ಪಿನ್. ಇದು 1001ರಿಂದ ಭಾಗಿಸುವ ಡಿವೈಡರ್. ಪಾಟ್‌ನಲ್ಲಿ 1 ವೋಲ್ಟ್ ಕಂಡರೆ ಪಿನ್‌ನಲ್ಲಿ 1 ಮಿಲಿವೋಲ್ಟ್ ಎಂದು ತಿಳಿಯಿರಿ. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ಸಾಕು. ಅದರಿಂದ ಬರುವ ತಪ್ಪು 3 ಮಿಲಿವೋಲ್ಟಿನಲ್ಲಿ ಹೆಚ್ಚೆಂದರೆ 0.06.

ಮಲ್ಟಿಮೀಟರ್‌ನ 200 ಮಿಲಿವೋಲ್ಟ್ ರೇಂಜ್ ಇರುವಾಗ ಈ ಸುತ್ತುದಾರಿ ಏಕೆ ಎಂದು ನೀವು ಕೇಳಬಹುದು. ಮೂರೂವರೆ ಅಂಕಿಯ ಮೀಟರ್ ಆ ರೇಂಜ್‌ನಲ್ಲಿ 0.1 ಮಿಲಿವೋಲ್ಟಿಗಿಂತ ಸಣ್ಣದನ್ನು ತೋರಿಸುವುದಿಲ್ಲ, ಕೊನೆಯ ಅಂಕಿಯಂತೂ ಒಂದೆಡೆ ನಿಲ್ಲುವುದೇ ಇಲ್ಲ. ಮೇಲಾಗಿ ಮೀಟರ್‌ನ ಉದ್ದ ವೈರ್ ನೇರ ಇನ್‌ಪುಟ್ ಪಿನ್‌ಗೆ ಹೋದರೆ ಗದ್ದಲವೂ ಜೊತೆಗೆ ಬರುತ್ತದೆ. ಡಿವೈಡರ್‌ನ ಮೇಲ್ತುದಿಯಲ್ಲಿ ಅಳೆದರೆ ಅದೇ ಮೀಟರ್ 20 ವೋಲ್ಟ್ ರೇಂಜ್‌ನಲ್ಲಿ 10 ಮೈಕ್ರೋವೋಲ್ಟ್ ತನಕ ಓದುತ್ತದೆ.

ಮೈನಸ್ ಪಿನ್ ಎಲ್ಲಿಗೆ? ಹಲವರು ಗ್ರೌಂಡಿಗೆ ಕೊಡುತ್ತಾರೆ. ನಿಮ್ಮ ಐಸಿ ಕೆಲಸ ಮಾಡುವುದು 30 ಮಿಲಿವೋಲ್ಟಿನಲ್ಲಿ, ಅಲ್ಲಿಯೇ ಅಳೆಯಿರಿ. 5 ವೋಲ್ಟಿನಿಂದ 16.5ಕೆ ಮತ್ತು 100 ಓಮ್ ಹಾಕಿದರೆ ಸುಮಾರು 30 ಸಿಗುತ್ತದೆ. ಆ ಬಿಂದುವಿಗೆ ಮೈನಸ್ ಪಿನ್ ಕೊಡಿ, ಬ್ಯಾಟರಿಗಳ ನಡುಬಿಂದುವನ್ನೂ ಅಲ್ಲಿಗೇ ಕೊಡಿ. ಬ್ಯಾಟರಿ ಯಾವ ಗ್ರೌಂಡಿಗೂ ಅಂಟಿಲ್ಲದ ಕಾರಣ ಅದರ ಕರೆಂಟ್ ತನ್ನ ಸುತ್ತಿನಲ್ಲೇ ತಿರುಗುತ್ತದೆ, 30 ಮಿಲಿವೋಲ್ಟಿನ ಬಿಂದುವನ್ನು ಅಲುಗಿಸುವುದಿಲ್ಲ. ಬ್ಯಾಟರಿಯ ಬದಲು ಬೆಂಚ್ ಸಪ್ಲೈ ಇಟ್ಟು, ಅದರ ಗ್ರೌಂಡ್ ಇನ್ನೆಲ್ಲೋ ಸೇರಿ, ಅಳತೆ ಕೆಟ್ಟದ್ದನ್ನು ನಾನು ಬೇಕಾದಷ್ಟು ಬೆಂಚ್‌ಗಳ ಮೇಲೆ ನೋಡಿದ್ದೇನೆ.

ಔಟ್‌ಪುಟ್‌ನಿಂದ 5 ವೋಲ್ಟಿಗೆ 4.7ಕೆ ಪುಲ್‌ಅಪ್ ರೆಸಿಸ್ಟರ್ ಕಡ್ಡಾಯ. ಎಲ್‌ಎಂ393 ಓಪನ್ ಕಲೆಕ್ಟರ್, ತಾನಾಗಿ ಮೇಲೆ ಏಳುವುದಿಲ್ಲ. 8ನೇ ಪಿನ್ ಮತ್ತು 4ನೇ ಪಿನ್ ನಡುವೆ, ಕಾಲಿಗೆ ತಾಗಿಸಿ, 0.1 ಮೈಕ್ರೋಫ್ಯಾರಡ್ ಹಾಕಿ. ಈಗ ಪಾಟ್ ನಿಧಾನವಾಗಿ ತಿರುಗಿಸಿ. ಔಟ್‌ಪುಟ್ ಮಗುಚಿದಾಗ ಪಾಟ್‌ನ ವೋಲ್ಟೇಜ್ ಬರೆದುಕೊಳ್ಳಿ. ಸ್ವಲ್ಪ ಮುಂದೆ ಹೋಗಿ ವಾಪಸ್ ಬನ್ನಿ, ಮತ್ತೆ ಮಗುಚಿದಲ್ಲಿ ಬರೆದುಕೊಳ್ಳಿ. ಎರಡರ ಸರಾಸರಿಯನ್ನು 1001ರಿಂದ ಭಾಗಿಸಿದರೆ ಬರುವುದೇ ಆಫ್‌ಸೆಟ್. ಎರಡರ ವ್ಯತ್ಯಾಸ ಹಿಸ್ಟರಿಸಿಸ್. ಎಲ್‌ಎಂ393ರ ಒಳಗೆ ಹಿಸ್ಟರಿಸಿಸ್ ಇಲ್ಲ, ಹಾಗಾಗಿ ವ್ಯತ್ಯಾಸ ದೊಡ್ಡದು ಬಂದರೆ ನಿಮ್ಮ ವೈರಿಂಗ್‌ನಲ್ಲೇ ಎಲ್ಲೋ ಫೀಡ್‌ಬ್ಯಾಕ್ ಇದೆ. ಒಳಗೇ ಹಿಸ್ಟರಿಸಿಸ್ ಇಟ್ಟು ಮಾಡಿದ ಕಾಂಪರೇಟರ್‌ಗಳೂ ಇವೆ. ಅವುಗಳಲ್ಲಿ ಒಂದೇ ದಿಕ್ಕಿನಿಂದ ಅಳೆದು ಅದನ್ನೇ ಆಫ್‌ಸೆಟ್ ಎಂದು ಬರೆದರೆ ಅರ್ಧ ಹಿಸ್ಟರಿಸಿಸ್ ಅದರಲ್ಲಿ ಸೇರಿಕೊಂಡಿರುತ್ತದೆ.

ಮಗುಚುವ ಜಾಗದಲ್ಲಿ ಮೀಟರ್ 2 ವೋಲ್ಟ್, 3 ವೋಲ್ಟ್ ಎಂದು ಮಧ್ಯದ ಅಂಕಿ ತೋರಿಸಿದರೆ ಐಸಿ ಅಲ್ಲಿ ಶಾಂತವಾಗಿ ನಿಂತಿದೆ ಎಂದು ನಂಬಬೇಡಿ. ಆಸಿಲೋಸ್ಕೋಪ್ ಇಟ್ಟರೆ ಅದು ಮೇಲೆ ಕೆಳಗೆ ಕುಣಿಯುತ್ತಿರುವುದು ಕಾಣುತ್ತದೆ, ಮೀಟರ್ ಅದರ ಸರಾಸರಿ ತೋರಿಸುತ್ತಿದೆ. 1ನೇ ಪಿನ್ ಔಟ್‌ಪುಟ್, ಅದರ ಪಕ್ಕದಲ್ಲೇ 2 ಮತ್ತು 3 ಇನ್‌ಪುಟ್. ಬ್ರೆಡ್‌ಬೋರ್ಡ್‌ನ ಪಟ್ಟಿಗಳ ನಡುವಿನ ಕೆಪ್ಯಾಸಿಟೆನ್ಸ್ ಸಾಕು, ಕುಣಿತ ಶುರುವಾಗಲು. ಸಣ್ಣ ಜೀರೋ ಪಿಸಿಬಿ ತುಂಡಿನ ಮೇಲೆ ಸಾಕೆಟ್ ಬೆಸೆದು ಈ ಜಿಗ್ ಒಮ್ಮೆ ಮಾಡಿಟ್ಟುಕೊಳ್ಳಿ, ಮುಂದೆ ಪ್ರತಿ ಲಾಟ್‌ಗೂ ಉಪಯೋಗಕ್ಕೆ ಬರುತ್ತದೆ. ಐಸಿಯ ಇನ್ನರ್ಧವನ್ನು ತೂಗಾಡಲು ಬಿಡಬೇಡಿ, ಅದರ ಒಂದು ಇನ್‌ಪುಟ್ ಗ್ರೌಂಡಿಗೆ, ಇನ್ನೊಂದು 1 ವೋಲ್ಟಿನ ಆಸುಪಾಸಿಗೆ ಕಟ್ಟಿಹಾಕಿ.

ಪಾಟ್ ತಿರುಗಿಸಿ ಬೇಸರವಾದರೆ ಫಂಕ್ಷನ್ ಜನರೇಟರ್‌ನ ತ್ರಿಕೋನ ಅಲೆ ಅದೇ ಡಿವೈಡರ್‌ಗೆ ಕೊಟ್ಟು ಸ್ಕೋಪ್‌ನಲ್ಲಿ ನೋಡಬಹುದು. ಆದರೆ ಅಲೆ ನಿಧಾನವಿರಲಿ, ಕೆಲವು ಹರ್ಟ್ಸ್ ಸಾಕು. ಈ ಐಸಿಗೆ 5 ಮಿಲಿವೋಲ್ಟ್ ಓವರ್‌ಡ್ರೈವ್ ಇದ್ದಾಗಲೇ, ಅಂದರೆ ಇನ್‌ಪುಟ್ ಮಗುಚುವ ಬಿಂದುವನ್ನು ಅಷ್ಟು ದಾಟಿದಾಗಲೇ, ಔಟ್‌ಪುಟ್ ಮಗುಚಲು 1.3 ಮೈಕ್ರೋಸೆಕೆಂಡ್ ಬೇಕು, ಅದಕ್ಕಿಂತ ಕಡಿಮೆ ಇದ್ದರೆ ಇನ್ನೂ ತಡ. ಅಲೆ ವೇಗವಾದಷ್ಟೂ ಆ ತಡವೆಲ್ಲ ಆಫ್‌ಸೆಟ್‌ನ ವೇಷ ಹಾಕಿಕೊಂಡು ಬರುತ್ತದೆ. ಪ್ರತಿ ತಿಂಗಳು ನೂರಾರು ಐಸಿ ಅಳೆಯುವವರು ಔಟ್‌ಪುಟ್ ಅನ್ನು ಆಪ್‌ಆಂಪ್ ಇಂಟಿಗ್ರೇಟರ್ ಮೂಲಕ ಅದೇ ಡಿವೈಡರ್‌ಗೆ ವಾಪಸ್ ಕೊಟ್ಟು, ಲೂಪ್ ತಾನೇ ಮಗುಚುವ ಬಿಂದುವನ್ನು ಹುಡುಕಿ ಅಲ್ಲಿ ನಿಲ್ಲುವಂತೆ ಮಾಡುತ್ತಾರೆ. 12 ಬೋರ್ಡಿಗೆ ಅದು ಅತಿಯಾಯಿತು.

ಇಷ್ಟು ಮಾಡಿ 12 ಐಸಿಗಳ ಪಟ್ಟಿ ಬರೆದ ಮೇಲೆ ಅದನ್ನು ಬೋರ್ಡ್‌ಗಳ ಟ್ರಿಪ್ ಆಂಪಿಯರ್ ಪಕ್ಕದಲ್ಲಿಡಿ. ಎರಡೂ ಹೊಂದಿಕೊಂಡರೆ ಆಫ್‌ಸೆಟ್ಟೇ ಕಾರಣ. ಹೊಂದದಿದ್ದರೆ ಬೇರೆ ಮಿಲಿವೋಲ್ಟ್‌ಗಳು ಆಫ್‌ಸೆಟ್‌ನ ಹೆಸರಿನಲ್ಲಿ ಓಡಾಡುತ್ತಿವೆ. ನನಗಂತೂ ಈ ಎರಡನೆಯದರ ಮೇಲೇ ಹೆಚ್ಚು ಸಂಶಯ.

ಮೊದಲನೆಯದು ನಿಮ್ಮ 10ಕೆ. ಎಲ್‌ಎಂ393ರ ಇನ್‌ಪುಟ್ ಪಿಎನ್‌ಪಿ ಟ್ರಾನ್ಸಿಸ್ಟರ್, ಪಿನ್‌ನಿಂದ ಹೊರಗೆ ಸಣ್ಣ ಕರೆಂಟ್ (ಬಯಾಸ್ ಕರೆಂಟ್) ಹರಿಯುತ್ತಲೇ ಇರುತ್ತದೆ. ಸಾಮಾನ್ಯವಾಗಿ 25 ನ್ಯಾನೋಆಂಪಿಯರ್, ಗರಿಷ್ಠ 250. ಅದು 10ಕೆ ದಾಟುವಾಗ ಕಾಲು ಮಿಲಿವೋಲ್ಟ್, ಕೆಟ್ಟ ಪ್ರಸಂಗದಲ್ಲಿ 2.5 ಮಿಲಿವೋಲ್ಟ್ ಹುಟ್ಟುತ್ತದೆ. ಪ್ಲಸ್ ಪಿನ್ ಅಷ್ಟು ಮೇಲೇರಿ ಬೋರ್ಡ್ ಬೇಗ ಬೀಳುತ್ತದೆ. 2.5 ಅಂದರೆ 3 ಆಂಪಿಯರ್‌ಗೂ ಹೆಚ್ಚು. ಮೇಲಿನ ಜಿಗ್‌ನಲ್ಲಿ 100 ಓಮ್ ಮಾತ್ರ ಇರುವುದರಿಂದ ಇದು ಅಲ್ಲಿ ಕಾಣಿಸುವುದೇ ಇಲ್ಲ. ಪರಿಹಾರ ಒಂದು ರೂಪಾಯಿಯದು: ಮೈನಸ್ ಪಿನ್‌ನ ದಾರಿಯಲ್ಲೂ ಒಂದು 10ಕೆ ಹಾಕಿ. ಎರಡೂ ಕಡೆ ಸಮ ಏರಿ, ಉಳಿಯುವುದು ಗರಿಷ್ಠ 50 ನ್ಯಾನೋಆಂಪಿಯರ್‌ನ ವ್ಯತ್ಯಾಸ, ಅರ್ಧ ಮಿಲಿವೋಲ್ಟ್.

ಎರಡನೆಯದು ಶಂಟ್. ಅದರ ಮೇಲೆ ದಪ್ಪ ಬೋಲ್ಟ್ ಎರಡು, ಸಣ್ಣ ಸ್ಕ್ರೂ ಎರಡು ಇರುತ್ತವೆ. ಸೆನ್ಸ್ ವೈರ್ ಬರಬೇಕಾದ್ದು ಸಣ್ಣ ಸ್ಕ್ರೂಗಳಿಂದ, ಎರಡೂ ವೈರ್. ಒಂದು ವೈರ್ ಮಾತ್ರ ಸ್ಕ್ರೂನಿಂದ ತಂದು, ಗ್ರೌಂಡನ್ನು ಬಸ್‌ಬಾರ್‌ನ ನಟ್‌ನಿಂದ ತೆಗೆದುಕೊಂಡ ಬೋರ್ಡ್‌ಗಳು ರಿಪೇರಿಗೆ ಸಾಲಾಗಿ ಬರುತ್ತವೆ. ನಿಮ್ಮ ಶಂಟ್ ಇರುವುದೇ ಮುಕ್ಕಾಲು ಮಿಲಿಓಮ್. ಹಸಿರುಗಟ್ಟಿದ ನಟ್‌ನ ಕೆಳಗೆ ಮಿಲಿಓಮ್‌ನ ಹತ್ತನೇ ಒಂದು ಭಾಗ ಸೇರಿದರೂ 40 ಆಂಪಿಯರ್‌ಗೆ 4 ಮಿಲಿವೋಲ್ಟ್ ಆಯಿತು. ಇಷ್ಟು ದೊಡ್ಡ ತಪ್ಪು ಐಸಿಯಲ್ಲಿ ಅಪರೂಪ.

ಮೂರನೆಯದು ಪ್ಲೇಟಿಂಗ್ ಶಾಪಿನ ಗಾಳಿ. ಆಸಿಡ್ ಹೊಗೆ, ತೇವ, ತೊಳೆಯದೆ ಬಿಟ್ಟ ಫ್ಲಕ್ಸ್ ಸೇರಿ ಬೋರ್ಡ್ ಮೇಲೆ ಸಣ್ಣ ಸೋರಿಕೆ ಶುರುವಾಗುತ್ತದೆ. 5 ವೋಲ್ಟ್ ಟ್ರ್ಯಾಕ್‌ನಿಂದ ಪ್ಲಸ್ ಪಿನ್‌ಗೆ 10 ಮೆಗಾಓಮ್ ಸೋರಿಕೆ ಆದರೆ ನಿಮ್ಮ 10ಕೆ ಮೇಲೆ 5 ಮಿಲಿವೋಲ್ಟ್ ಬರುತ್ತದೆ. ಬೆಂಚ್ ಮೇಲೆ ಸರಿಯಿದ್ದ ಬೋರ್ಡ್ ಮಳೆಗಾಲದಲ್ಲಿ ಕೆಡುವುದು ಹೀಗೆಯೇ, ಬೆಳಗಾವಿಯ ಮಳೆಗಾಲವಂತೂ ನಿಮಗೇ ಗೊತ್ತು. ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಬ್ರಷ್‌ನಿಂದ ತೊಳೆದು, ಒಣಗಿಸಿ, ಕನ್ಫಾರ್ಮಲ್ ಕೋಟಿಂಗ್ ಎಂಬ ರಕ್ಷಣಾ ಲೇಪ ಹೊಡೆಯಿರಿ.

ಇನ್ನು ಮುಂದೇನು ಎಂಬುದು. 40ಕ್ಕೆ ಬದಲು 35 ಮತ್ತು 45ರ ನಡುವೆ ಬಿದ್ದರೂ ಗಿರಾಕಿಗೆ ನಡೆಯುತ್ತದಾದರೆ ಹಾಗೆಂದು ಬರೆದುಕೊಟ್ಟು ಸುಮ್ಮನಿರುವುದೂ ಮರ್ಯಾದೆಯ ದಾರಿಯೇ. ಕೊಡುವ ಮುನ್ನ ಪ್ರತಿ ಬೋರ್ಡನ್ನೂ ಪರೀಕ್ಷಿಸಿ, ಮಿತಿ ದಾಟಿದ್ದನ್ನು ಎತ್ತಿಡಬೇಕು ಅಷ್ಟೇ. ಆಗದು ಎಂದರೆ ಎಲ್‌ಎಂ393ಎ ಹಾಕಬಹುದು. ಅದರ ಮಿತಿ 25 ಡಿಗ್ರಿಯಲ್ಲಿ 2 ಮಿಲಿವೋಲ್ಟ್, ಪಿನ್ ಎಲ್ಲ ಅವೇ, ಬೋರ್ಡ್ ಬದಲಿಸಬೇಕಿಲ್ಲ. ಆದರೂ 2.7 ಆಂಪಿಯರ್ ಆಚೀಚೆ ಉಳಿಯುತ್ತದೆ.

ಈಗಾಗಲೇ ಮಾಡಿದ 12ಕ್ಕೆ ನನ್ನ ಸಲಹೆ ಪ್ರಿಸೆಟ್, ಅಂದರೆ ಒಮ್ಮೆ ತಿರುಗಿಸಿ ಸೆಟ್ ಮಾಡಿ ಬಿಡುವ ಸಣ್ಣ ಪಾಟ್. ರೆಫರೆನ್ಸ್ ಡಿವೈಡರ್‌ನಲ್ಲಿ ಬಹುಸುತ್ತಿನ ಸೆರ್ಮೆಟ್ ಪ್ರಿಸೆಟ್ ಒಂದನ್ನು, 23ರಿಂದ 37 ಮಿಲಿವೋಲ್ಟ್ ತನಕ ಮಾತ್ರ ತಿರುಗುವಂತೆ ಎರಡೂ ಬದಿಗೆ ರೆಸಿಸ್ಟರ್ ಇಟ್ಟು ಹಾಕಿ. ಆಫ್‌ಸೆಟ್, ಬಯಾಸ್ ಕರೆಂಟ್, ಡಿವೈಡರ್ ತಪ್ಪು ಎಲ್ಲವೂ ಒಂದೇ ತಿರುವಿನಲ್ಲಿ ಸರಿಹೋಗುತ್ತವೆ. ಅಪಾಯಗಳೂ ಇವೆ. ಸರಿಹೋಗುವುದು ಆ ಹೊತ್ತಿನ ಉಷ್ಣತೆಗೆ ಮಾತ್ರ. ಡಿಸೆಂಬರ್‌ನ ಬೆಳಗಾವಿಯಲ್ಲಿ ತೆರೆದ ಬೋರ್ಡ್ ಇಟ್ಟು ತಿರುಗಿಸಿದ್ದು, ವಿಜಯಪುರದ ಏಪ್ರಿಲ್‌ನಲ್ಲಿ ಹೀಟ್‌ಸಿಂಕ್ ಪಕ್ಕ ಕೂತಾಗ ಅಲ್ಲೇ ಇರುವುದಿಲ್ಲ. ಆದ್ದರಿಂದ ಡಬ್ಬಿ ಮುಚ್ಚಿ, ಅರ್ಧ ಗಂಟೆ ಓಡಿಸಿ, ಬಿಸಿಯಲ್ಲೇ ಸೆಟ್ ಮಾಡಿ. ನಿಜವಾದ 40 ಆಂಪಿಯರ್ ಹರಿಸಿಯೇ ಮಾಡಿ, ಆಗ ಶಂಟ್‌ನ ತಪ್ಪೂ ಸೇರುತ್ತದೆ. ಮಿಲಿವೋಲ್ಟ್ ಸೋರ್ಸ್‌ನಿಂದ ಮಾಡುವುದಾದರೆ ಸೆನ್ಸ್ ವೈರ್‌ಗಳನ್ನು ಶಂಟ್‌ನಿಂದ ಬಿಚ್ಚಬೇಕು, ಇಲ್ಲವಾದರೆ ಮುಕ್ಕಾಲು ಮಿಲಿಓಮ್ ನಿಮ್ಮ ಸೋರ್ಸನ್ನೇ ನುಂಗಿಬಿಡುತ್ತದೆ. ಸೆಟ್ ಆದ ಮೇಲೆ ಪ್ರಿಸೆಟ್ ಮೇಲೆ ಲ್ಯಾಕರ್ ಹನಿ ಹಾಕಿ. ಮುಂದೆ ಯಾರೋ ಐಸಿ ಬದಲಿಸಿದರೆ ಮತ್ತೆ ಸೆಟ್ ಮಾಡಬೇಕು ಎಂದು ಡಬ್ಬಿಯ ಒಳಗೆ ಚೀಟಿ ಅಂಟಿಸಿ.

ಮುಂದಿನ ಲಾಟ್‌ಗೆ ವಿನ್ಯಾಸವನ್ನೇ ಬದಲಿಸಿ. ಮೊದಲು ಸಿಗ್ನಲ್ ದೊಡ್ಡದು ಮಾಡಿ, ಆಮೇಲೆ ಹೋಲಿಸಿ. ಶಂಟ್ ನಂತರ 50 ಪಟ್ಟು ಗೇನ್ ಇಟ್ಟರೆ 30 ಮಿಲಿವೋಲ್ಟ್ 1.5 ವೋಲ್ಟ್ ಆಗುತ್ತದೆ, ಕಾಂಪರೇಟರ್‌ನ 5 ಮಿಲಿವೋಲ್ಟ್ ಶಂಟ್ ಕಡೆಯಿಂದ ನೋಡಿದರೆ 0.1ಕ್ಕೆ ಇಳಿಯುತ್ತದೆ. ಇಲ್ಲೊಂದು ಬಲೆ ಇದೆ. ಡ್ರಾಯರ್‌ನಲ್ಲಿದೆ ಎಂದು ಎಲ್‌ಎಂ358 ಹಾಕಬೇಡಿ, ಅದರ ಆಫ್‌ಸೆಟ್ ಮಿತಿ 7 ಮಿಲಿವೋಲ್ಟ್, ಕಾಂಪರೇಟರ್‌ಗಿಂತ ಕೆಟ್ಟದ್ದು. ಓಪಿಎ333 ತರಹದ್ದು ತನ್ನ ಆಫ್‌ಸೆಟ್ ತಾನೇ ತಿದ್ದಿಕೊಳ್ಳುತ್ತದೆ, ಮಿತಿ 10 ಮೈಕ್ರೋವೋಲ್ಟ್, 5 ವೋಲ್ಟ್ ಸಿಂಗಲ್ ಸಪ್ಲೈನಲ್ಲಿ ಓಡುತ್ತದೆ. ಬೆಲೆ ಜಾಸ್ತಿ, ಆದರೆ ಪ್ರಿಸೆಟ್ ಮತ್ತು ಅದನ್ನು ತಿರುಗಿಸುವವನ ಅರ್ಧ ಗಂಟೆ ಉಳಿಯುತ್ತದೆ. 150 ಮಿಲಿವೋಲ್ಟ್ ಶಂಟ್ ಹಾಕುವ ಯೋಚನೆಯೂ ಬರಬಹುದು. ಪೂರ್ತಿ 100 ಆಂಪಿಯರ್‌ಗೆ 7.5 ವ್ಯಾಟ್ ಇದ್ದ ಬಿಸಿ 15 ವ್ಯಾಟ್ ಆಗುತ್ತದೆ, ನನಗೆ ಅದು ಇಷ್ಟವಿಲ್ಲ.

ಹಿಸ್ಟರಿಸಿಸ್ ಸೇರಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಕುಣಿತ ನಿಲ್ಲಿಸುತ್ತದೆ, ಆಫ್‌ಸೆಟ್ ಕಡಿಮೆ ಮಾಡುವುದಿಲ್ಲ. ಈಗಿನ ಸರ್ಕ್ಯೂಟ್‌ನಲ್ಲಿ ಔಟ್‌ಪುಟ್‌ನಿಂದ ಪ್ಲಸ್ ಪಿನ್‌ಗೆ ರೂಢಿಯಂತೆ 1 ಮೆಗಾಓಮ್ ಹಾಕಿದರೆ 10ಕೆ ಜೊತೆ ಸೇರಿ 50 ಮಿಲಿವೋಲ್ಟಿನ ಹಿಸ್ಟರಿಸಿಸ್ ಆಗುತ್ತದೆ. ನಿಮ್ಮ ಇಡೀ ಮಿತಿಯೇ 30, ಒಮ್ಮೆ ಬಿದ್ದದ್ದು ಕರೆಂಟ್ ಸೊನ್ನೆಯಾದರೂ ಏಳುವುದಿಲ್ಲ. ಮೇಲಾಗಿ ಅಲ್ಲಿರುವ 10 ಮೈಕ್ರೋಫ್ಯಾರಡ್ ಫೀಡ್‌ಬ್ಯಾಕನ್ನು ತಡಮಾಡಿ ಅದರ ಉದ್ದೇಶವನ್ನೇ ಕೆಡಿಸುತ್ತದೆ. ಶಂಟ್ ಅನ್ನು ಮೈನಸ್ ಪಿನ್‌ಗೆ, ರೆಫರೆನ್ಸ್ ಅನ್ನು ಪ್ಲಸ್ ಕಡೆಗೆ ಬದಲಿಸಿ, 1ಕೆ ಆಸುಪಾಸಿನ ರೆಫರೆನ್ಸ್ ಬಿಂದುವಿಗೆ 2.2 ಮೆಗಾಓಮ್‌ನಿಂದ ಫೀಡ್‌ಬ್ಯಾಕ್ ಕೊಡಿ. ಸುಮಾರು 2.3 ಮಿಲಿವೋಲ್ಟ್, ಅಂದರೆ 3 ಆಂಪಿಯರ್‌ನ ಹಿಸ್ಟರಿಸಿಸ್ ಬರುತ್ತದೆ. ಔಟ್‌ಪುಟ್ ತಲೆಕೆಳಗಾಗುತ್ತದೆ, ರಿಲೇ ಡ್ರೈವರ್ ಅದಕ್ಕೆ ತಕ್ಕಂತೆ ಬದಲಾಗಬೇಕು.

ಕೊಟ್ಟುಬಂದ ಮೂರು ಬೋರ್ಡ್‌ಗಳಲ್ಲಿ ಬೇಗ ಬೀಳುವವು ಕಿರಿಕಿರಿ ಮಾತ್ರ, ಒಂದೆರಡು ವಾರ ಕಾಯಬಲ್ಲವು. ತಡವಾಗಿ ಬೀಳುವುದು ಯಾವುದು ನೋಡಿ. 40 ಆಂಪಿಯರ್ ಎಂಬುದು ಗಿರಾಕಿಯ ರೆಕ್ಟಿಫೈಯರ್‌ನ ರೇಟಿಂಗೇ ಆಗಿದ್ದರೆ 44ಕ್ಕೆ ಬೀಳುವ ಬೋರ್ಡ್ ದಿನವೂ ಶೇಕಡಾ 10 ಓವರ್‌ಲೋಡ್‌ಗೆ ದಾರಿ ಬಿಟ್ಟಿದೆ. ಅದು ವಿಜಯಪುರದಲ್ಲಿದ್ದರೂ ಮೊದಲು ಅಲ್ಲಿಗೇ ಹೋಗಿ. ಹೋದಾಗ ರೆಕ್ಟಿಫೈಯರ್ ಆಫ್ ಮಾಡಿಸಿ, ಬೋರ್ಡ್ ಬಿಚ್ಚುವ ಮುನ್ನ ಶಂಟ್‌ನ ನಾಲ್ಕೂ ತುದಿ ಉಜ್ಜಿ ಬಿಗಿಮಾಡಿ, ಸೆನ್ಸ್ ವೈರ್ ಎರಡೂ ಸಣ್ಣ ಸ್ಕ್ರೂಗಳಿಂದಲೇ ಬಂದಿವೆಯೇ ನೋಡಿ, ಆಮೇಲೆ ಕ್ಲ್ಯಾಂಪ್ ಮೀಟರ್‌ನ ಡಿಸಿ ರೇಂಜ್ ಹಿಡಿದು ಮತ್ತೊಮ್ಮೆ ಟ್ರಿಪ್ ಮಾಡಿ. ಅಂಕಿ ಬದಲಾದರೆ ಪ್ರಿಸೆಟ್ ಹಾಕುವ ಕೆಲಸ ಅರ್ಧಕ್ಕರ್ಧ ಉಳಿಯಿತು.